ಪಾದರಸದ ದೀಪ ತಣ್ಣಗಾಗುವವರೆಗೆ

ಕೆಲವರ ಸುತ್ತ ನೊಣ ಹಾರುತ್ತವೆ, ಕೆಲವರ ಸುತ್ತ ಸಾಲ ಕೇಳುವ ನೆಂಟರು. ನನ್ನ ಸುತ್ತ ಮಾತ್ರ ಬೇಡ ಬೇಡವೆಂದರೂ ನಗೆಪಾಟಲಿನ ಪ್ರಸಂಗಗಳೇ ನಡೆಯುತ್ತ ಬಂದವು. ಅದಕ್ಕೆ ಜಾತಕ ಕಾರಣವಲ್ಲ, ಒಂದು ದೀಪ ಕಾರಣ.

ನಾನು ಮೈಸೂರಿನಲ್ಲಿ ಭೌತಶಾಸ್ತ್ರದ ಬಿ.ಎಸ್ಸಿ. ಮುಗಿಸಿ, ತಿರುವನಂತಪುರದ ಪಟ್ಟಂನಲ್ಲಿದ್ದ ಒಂದು ಕೇಂದ್ರ ಸರ್ಕಾರದ ತರಬೇತಿ ಸಂಸ್ಥೆಗೆ ಸೇರಿದವನು. ಹುದ್ದೆಯ ಹೆಸರು ಪ್ರೊಜೆಕ್ಷನ್ ಸಹಾಯಕ. ಊರಿನಲ್ಲಿ ಕೇಳಿದವರಿಗೆ ನಮ್ಮಪ್ಪ 'ಸೈಂಟಿಸ್ಟು' ಎಂದೇ ಹೇಳುತ್ತಿದ್ದರು. ನಾನೂ ತಿದ್ದಲು ಹೋಗಲಿಲ್ಲ. ತಂದೆಯ ಮಾತು ಮೀರಬಾರದಲ್ಲ.

ಈಗಿನ ಹೊಸ ಪ್ರೊಜೆಕ್ಟರುಗಳಲ್ಲಿ ಲೇಸರ್ ಬಂದಿದೆ, ಗುಂಡಿ ಒತ್ತಿದರೆ ಬೆಳಕು, ಬಿಟ್ಟರೆ ಕತ್ತಲೆ, ಮಧ್ಯೆ ಕಥೆಯೇ ಇಲ್ಲ. ನಮ್ಮ ಕಾಲದ್ದರಲ್ಲಿ ಪಾದರಸದ ದೀಪ. ಹುಣಸೆ ಬೀಜದಷ್ಟು ದೊಡ್ಡ ಸ್ಫಟಿಕದ ಗುಳ್ಳೆ, ಒಳಗೆ ಒಂದು ಹನಿ ಪಾದರಸ, ಎರಡು ಟಂಗ್‌ಸ್ಟನ್ ಕಡ್ಡಿ, ಅವುಗಳ ನಡುವೆ ರಾಗಿಕಾಳಿನಷ್ಟು ಜಾಗ. ಆ ಜಾಗದಲ್ಲಿ ಒಂದು ಮಿಂಚನ್ನು ಹಿಡಿದು ಕೂರಿಸುವುದು. ಪಾದರಸ ಆವಿಯಾಗಿ ಒಳಗೆ ಎಂಥ ಒತ್ತಡ ಹುಟ್ಟುತ್ತದೆ ಎಂದರೆ, ನಮ್ಮ ಮನೆಯ ಪ್ರೆಶರ್ ಕುಕ್ಕರ್ ಅದನ್ನು ನೋಡಿದರೆ ನಾಚಿ ಸೀಟಿ ಹೊಡೆಯುವುದನ್ನೇ ಬಿಡಬೇಕು. ಈ ದೀಪಕ್ಕೆ ಮೂರು ಸ್ವಭಾವ. ಬರಿಗೈಯಲ್ಲಿ ಮುಟ್ಟಿದರೆ ಸಹಿಸದು. ವಯಸ್ಸಾದ ಮೇಲೆ ಯಾವಾಗ ಸಿಡಿಯುತ್ತದೋ ಹೇಳಲಾಗದು. ಮತ್ತೆ, ಬಿಸಿಯಾಗಿದ್ದಾಗ ಒಮ್ಮೆ ಆರಿತೆಂದರೆ, ಪೂರ್ತಿ ತಣ್ಣಗಾಗುವ ತನಕ ಯಾರು ಏನು ಮಾಡಿದರೂ ಹೊತ್ತಿಕೊಳ್ಳದು. ಇದನ್ನೆಲ್ಲ ಮನೆಯಲ್ಲಿ ನನ್ನ ಹೆಂಡತಿಗೆ ಉತ್ಸಾಹದಿಂದ ವಿವರಿಸಿದೆ. ಅವಳು ಸೊಪ್ಪು ಬಿಡಿಸುತ್ತಾ, "ಗೊತ್ತು ಬಿಡಿ, ನಿಮ್ಮಮ್ಮನ ಜೊತೆ ಆರು ವರ್ಷ ಇದ್ದೆ" ಎಂದಳು.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ನಮ್ಮ ಆಡಳಿತಾಧಿಕಾರಿಗಳ ಮೇಜಿನ ಮೇಲೆ 'ಅಗತ್ಯವಿದೆಯೇ ಎಂದು ಪರಿಶೀಲಿಸಬೇಕಾದ ಹುದ್ದೆಗಳು' ಎಂಬ ಒಂದು ಕಡತ ಇತ್ತು. ಅದರಲ್ಲಿ ಮೂರು ಹೆಸರು: ಟೈಪ್‌ರೈಟರ್ ರಿಪೇರಿಯವರು, ಕಲ್ಲಚ್ಚಿನ ನಕಲು ತೆಗೆಯುವವರು, ನಾನು. ಮೊದಲಿನ ಇಬ್ಬರೂ ನೋಡನೋಡುತ್ತಲೇ ಹೋದರು. ನನ್ನ ಹುದ್ದೆ ರದ್ದಾದರೆ ನನ್ನನ್ನು ಮಧ್ಯ ಭಾರತದ ಯಾವುದೋ ಉಗ್ರಾಣಕ್ಕೆ ವರ್ಗ ಮಾಡುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಹೀಗಾಗಿ ದೀಪದ ದೆಸೆಯಿಂದ ಏನೇ ನಡೆದರೂ ಅದು ನೇರ ಆ ಕಡತಕ್ಕೆ ಹೋಗಿ ಸೇರುತ್ತಿತ್ತು. ನೀವು ನಗುವಾಗಲೂ ಆ ಕಡತ ನೆನಪಿರಲಿ. ನನಗಂತೂ ಮರೆತದ್ದೇ ಇಲ್ಲ.

೧. ಢಮಾರ್

ಕಾರ್ಖಾನೆಗಳ ಸುರಕ್ಷತಾ ಅಧಿಕಾರಿಗಳಿಗೆ ನಮ್ಮಲ್ಲಿ ಮೂರು ದಿನದ ತರಬೇತಿ. ಆಪತ್ತು ನಿರ್ವಹಣೆಯ ಮೇಲೆ ಮಾತಾಡಲು ಬಂದವರು ಒಬ್ಬ ನಿವೃತ್ತ ಅಧಿಕಾರಿ. ಭಾರಿ ಮೀಸೆ, ಭಾರಿ ಕಂಠ. ದೀಪಕ್ಕೆ ಆಗಲೇ ಆಯುಸ್ಸು ಮೀರಿತ್ತು. ಹೊಸದು ಬೇಕೆಂದು ನಾನು ಬರೆದ ಚೀಟಿಗೆ, 'ಈಗಿನದು ಉರಿಯುತ್ತಿದೆಯಲ್ಲ?' ಎಂಬ ಪ್ರಶ್ನೆ ಮರಳಿ ಬಂದಿತ್ತು.

ಅವರು ಮೀಸೆ ತಿರುವಿ, "ಆಪತ್ತು ಬಂದಾಗ ನಾವು ಮೊಟ್ಟಮೊದಲು ಮಾಡಬೇಕಾದ್ದು ಏನು?" ಎಂದು ಕೇಳಿ ಸಭೆಯನ್ನೊಮ್ಮೆ ನೋಡಿದರು. ಯಾರಾದರೂ ಉತ್ತರ ಹೇಳಲಿ ಎಂದು ಕಾದರು.

ದೀಪ ಹೇಳಿತು. ಢಮಾರ್!

ಪರದೆ ಕಪ್ಪು. ಬಂದೂಕಿನದ್ದೇ ಶಬ್ದ. ನಲವತ್ತು ಜನ ಸುರಕ್ಷತಾ ಅಧಿಕಾರಿಗಳಲ್ಲಿ ಅರ್ಧ ಮೇಜಿನ ಕೆಳಗೆ, ಅರ್ಧ ಒಂದೇ ಬಾಗಿಲಿನಲ್ಲಿ. ಪಾದರಸದ ಆವಿ ಒಳ್ಳೆಯದಲ್ಲ, ಅದು ನನಗೆ ಗೊತ್ತು. ಹಾಗಾಗಿ ನಾನೂ ಕೂಗಿದೆ: "ಎಲ್ಲಾ ಹೊರಗೆ! ಕಿಟಕಿ ತೆಗೀರಿ! ವಿಷದ ಆವಿ!" ಮೇಜಿನ ಕೆಳಗಿದ್ದವರೂ ಎದ್ದರು. ನಾನು ಹೊರಗೆ ಬಂದು ನೋಡುತ್ತೇನೆ, ಮೀಸೆಯ ಉಪನ್ಯಾಸಕರು ನಮ್ಮೆಲ್ಲರಿಗಿಂತ ಮೊದಲೇ ಗೇಟಿನ ಹತ್ತಿರ ನಿಂತು ಆಟೋಗೆ ಕೈ ಮಾಡುತ್ತಿದ್ದಾರೆ!

ಆ ಹೊತ್ತಿಗೆ ನಮ್ಮ ಚೇಚಿ ಎದುರಾದಳು. ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ. ಕಚೇರಿಯ ಸಹಾಯಕಿ, ನಮಗೆಲ್ಲ ಚಹಾ ಕೊಟ್ಟು ಬುದ್ಧಿ ಹೇಳುವವಳು. ನಲವತ್ತು ಲೋಟದ ತಟ್ಟೆ ಹಿಡಿದವಳನ್ನು ನಲವತ್ತು ಜನ ಬಳಸಿಕೊಂಡು ಓಡಿದರೂ ಒಂದು ಹನಿ ಚೆಲ್ಲಲಿಲ್ಲ. "ಸಾರೇ, ಚಾಯ ಇಲ್ಲೇ ಕೊಡಲೋ, ಇವರು ಓಡ್ತಾ ಓಡ್ತಾನೇ ಕುಡೀತಾರೋ?" ಎಂದು ಕೇಳಿದಳು.

ನನ್ನ ಕಥೆ ಮುಗಿಯಿತೆಂದುಕೊಂಡೆ. ಆದರೆ ಸಂಜೆ ಅಭಿಪ್ರಾಯದ ಹಾಳೆಗಳು ಬಂದವು ನೋಡಿ, ನಲವತ್ತರಲ್ಲಿ ಮೂವತ್ತೈದು ಮಂದಿ 'ಪ್ರಾಯೋಗಿಕ ಅಣಕು ಪ್ರದರ್ಶನ ಅತ್ಯುತ್ತಮವಾಗಿತ್ತು' ಎಂದು ಬರೆದಿದ್ದರು. ಮಾರನೆಯ ವಾರ ತರಬೇತಿ ವಿಭಾಗದಿಂದ ನನಗೆ ಕಾಗದ: ಮುಂದಿನ ತಂಡಕ್ಕೂ ಮಂಗಳವಾರ ಹನ್ನೊಂದೂವರೆಗೆ ಸ್ಫೋಟ ಏರ್ಪಡಿಸತಕ್ಕದ್ದು.

ನಾನು ಹಿಗ್ಗಿ ಆ ಕಾಗದದ ನಕಲನ್ನು ಆಡಳಿತಾಧಿಕಾರಿಗಳಿಗೆ ಕಳಿಸಿದೆ. ನನ್ನ ಹುದ್ದೆ ಎಷ್ಟು ಮುಖ್ಯವೆಂದು ತಿಳಿಯಲಿ ಅಂತ. ಅವರು ಅದರ ಅಂಚಿನಲ್ಲಿ ಅಚ್ಚುಕಟ್ಟಾಗಿ ಬರೆದು ಕಡತಕ್ಕೆ ಸೇರಿಸಿದರು: 'ಸ್ಫೋಟವು ತಾನಾಗಿಯೇ ಸಂಭವಿಸಿರುತ್ತದೆ. ಸಹಾಯಕರ ಪಾತ್ರವೇನೂ ಕಂಡುಬರುವುದಿಲ್ಲ.'

೨. ತುಳಸಿ ಎಲೆ

ಅಂತೂ ಆ ಢಮಾರಿನ ದೆಸೆಯಿಂದ ಹೊಸ ದೀಪ ಬಂತು, ಜೊತೆಗೆ ಕೈಗಿರಲೆಂದು ಒಂದು ಬದಲಿ ದೀಪವೂ ಬಂತು. ನಾನು ಚೇಚಿಗೆ ಪಾಠ ಮಾಡಿದೆ. "ನೋಡು ಚೇಚಿ, ಇದನ್ನ ಬರಿಗೈಯಲ್ಲಿ ಯಾವತ್ತೂ ಮುಟ್ಟಬಾರದು. ನಮ್ಮ ಬೆರಳಿನ ಜಿಡ್ಡು ತಗಲಿದರೆ ಸಾಕು, ಬಿಸಿಯಾದಾಗ ಆ ಜಾಗ ಸುಟ್ಟು ಬಿರುಕು ಬಿಡುತ್ತೆ." ಅವಳು ದೇವರ ವಿಷಯ ಕೇಳುವ ಹಾಗೆ ಕೈಕಟ್ಟಿ ಕೇಳಿಸಿಕೊಂಡಳು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ನವರಾತ್ರಿ ಬಂತು. ಕೇರಳದಲ್ಲಿ ಪುಸ್ತಕ, ಹತ್ಯಾರಗಳನ್ನೆಲ್ಲ ಪೂಜೆಗಿಟ್ಟರೆ ವಿಜಯದಶಮಿಯ ಬೆಳಗಿನ ತನಕ ಮುಟ್ಟುವ ಹಾಗಿಲ್ಲ. ನಮ್ಮ ಕಡೆಯ ಹಾಗೆ ಲಾರಿಗೆ ಕುಂಬಳಕಾಯಿ ಒಡೆದು ಆಗಲೇ ಓಡಿಸುವ ಗಡಿಬಿಡಿ ಇಲ್ಲ. ಚೇಚಿ ಪ್ರೊಜೆಕ್ಟರ್ ಇಟ್ಟಳು, ತನ್ನ ಚಹಾದ ಕೆಟಲ್ ಇಟ್ಟಳು, ಬದಲಿ ದೀಪದ ಡಬ್ಬಿಯನ್ನೂ ಇಟ್ಟಳು. ನಾನು ಊರಿಗೆ ಹೋಗಿದ್ದೆ.

ರಜೆ ಮುಗಿಸಿ ಬಂದ ದಿನವೇ ನಿರ್ದೇಶಕರಿಗೂ ನೌಕರರ ಸಂಘಕ್ಕೂ ಮಾತುಕತೆ. ಎರಡು ಸಲ ಅದು ಮುರಿದು ಬಿದ್ದಿತ್ತು. ಯಂತ್ರದಲ್ಲಿದ್ದ ದೀಪ ಮಿಣುಕುತ್ತಿದ್ದುದರಿಂದ ನಾನು ಅವಸರದಲ್ಲಿ ಡಬ್ಬಿಯಲ್ಲಿದ್ದ ಬದಲಿಯನ್ನು ತೆಗೆದು ಹಾಕಿದೆ. ಸಭೆ ಶುರುವಾಯಿತು. ಹತ್ತು ನಿಮಿಷದಲ್ಲಿ ಪ್ರೊಜೆಕ್ಟರಿನ ಫ್ಯಾನಿನಿಂದ ಬಿಸಿ ಗಾಳಿಯ ಜೊತೆ ಒಂದು ಪರಿಮಳ ಹೊರಟಿತು. ಶ್ರೀಗಂಧ! ಮೈಸೂರಿನವನಿಗೆ ಗಂಧ ಗೊತ್ತಾಗದೆ ಇರುತ್ತದೆಯೇ? ಇನ್ನೇನು ಢಮಾರ್ ಅನ್ನುತ್ತೆ, ಕಡತದಲ್ಲಿ ಇನ್ನೊಂದು ಹಾಳೆ ಏರುತ್ತೆ ಅಂತ ಕಿವಿ ಮುಚ್ಚಿಕೊಂಡು ಕೂತೆ.

ದೀಪ ಸಿಡಿಯಲಿಲ್ಲ. ಅದರ ಬದಲು ಸಂಘದ ಕಾರ್ಯದರ್ಶಿ ಕೂಗುವುದನ್ನು ನಿಲ್ಲಿಸಿದರು. ನಿರ್ದೇಶಕರು ಕನ್ನಡಕ ತೆಗೆದು ಕಣ್ಣು ಮುಚ್ಚಿದರು. ಯಾರೋ ಒಬ್ಬರು ಚಪ್ಪಲಿ ಕಳಚಿದರು. ಒಂದು ಗಂಟೆಯಲ್ಲಿ ಒಪ್ಪಂದ ಆಗಿಹೋಯಿತು. ಹೊರಗೆ ಹೋಗುವಾಗ ಇಬ್ಬರು ಪರದೆಗೆ ಕೈಮುಗಿದದ್ದನ್ನು ನಾನು ಕಣ್ಣಾರೆ ಕಂಡೆ.

ತಣ್ಣಗಾದ ಮೇಲೆ ಬಿಚ್ಚಿ ನೋಡಿದೆ. ದೀಪದ ಮುಂದಿನ ಗಾಜಿನ ನಟ್ಟನಡುವೆ ದುಂಡಗೆ ಗಂಧದ ಬೊಟ್ಟು, ಸುಟ್ಟು ಕಂದಾಗಿದೆ. "ಚೇಚಿ! ಮುಟ್ಟಬೇಡ ಅಂತ ಹೇಳಿರಲಿಲ್ವಾ?" ಎಂದು ಕೂಗಿದೆ.

ಅವಳಿಗೆ ನಿಜವಾಗಿ ಬೇಜಾರಾಯಿತು. "ಅಯ್ಯೋ ಸಾರೇ, ಎಂಥ ಮಾತು! ಕೈಯಲ್ಲಿ ಮುಟ್ಟೇ ಇಲ್ಲ. ತುಳಸಿ ಎಲೆಯಲ್ಲಿ ಹಚ್ಚಿದ್ದು."

ನಾನು ಗಾಜು ಒರೆಸಿ ಮತ್ತೆ ಹಾಕಿದೆ. ನಂಬಿ ಬಿಡಿ, ನನ್ನ ಕೈಯಲ್ಲಿ ಹಾದುಹೋದ ದೀಪಗಳಲ್ಲೆಲ್ಲ ಅದರಷ್ಟು ದಿನ ಬಾಳಿದ್ದು ಇನ್ನೊಂದಿಲ್ಲ. ನಿರ್ದೇಶಕರು ಮಾತ್ರ ಮುಂದಿನ ಸಭೆಗೆ ಮೊದಲು ನನ್ನನ್ನು ಕರೆದು ಮೆಲ್ಲಗೆ ಕೇಳಿದರು: "ಆವತ್ತಿನ ಆ ಮಾಡೆಲ್ ದೀಪ ಇನ್ನೊಂದು ಡಜನ್ ತರಿಸೋಕಾಗುತ್ತಾ?"

೩. ಇಬ್ಬರು ಮುಖ್ಯಸ್ಥರು

ನಡುವೆ ಒಂದು ವರ್ಷ ನನ್ನನ್ನು ಕೊಚ್ಚಿಗೆ, ಕಳಮಶ್ಶೇರಿಯ ಶಾಖೆಗೆ ಕಳಿಸಿದರು. ಅಲ್ಲಿ ವಿದ್ಯುತ್ ವಿಭಾಗಕ್ಕೂ ಯಂತ್ರ ವಿಭಾಗಕ್ಕೂ ಇಬ್ಬರು ಮುಖ್ಯಸ್ಥರು. ಯಾವುದೋ ಕಪಾಟಿನ ಬೀಗದ ಕೈ ವಿಷಯಕ್ಕೆ ಜಗಳವಾಗಿ ಹದಿನೈದು ವರ್ಷದಿಂದ ಒಬ್ಬರಿಗೊಬ್ಬರು ಮಾತಿಲ್ಲ. ಒಂದೇ ಮೇಜಿನಲ್ಲಿ ಕೂತರೂ 'ಆ ಕಡೆಯವರಿಗೆ ಹೇಳಿ' ಎಂದು ಮೂರನೆಯವರ ಮೂಲಕವೇ ಸಂಭಾಷಣೆ.

ತುಲಾಮಾಸದ, ಅಂದರೆ ಅಕ್ಟೋಬರ್ ಕೊನೆಯ, ಒಂದು ಮಧ್ಯಾಹ್ನ. ಆ ತಿಂಗಳಲ್ಲಿ ಅಲ್ಲಿ ದಿನಾ ಮೂರು ಗಂಟೆಗೆ ಗುಡುಗು ಡ್ಯೂಟಿಗೆ ಬರುತ್ತದೆ, ನಮಗಿಂತ ಸಮಯಪಾಲನೆ. ಸಭೆಯ ಮಧ್ಯೆ ಕರೆಂಟು ಹೋಗಿ ಒಂದೇ ಸೆಕೆಂಡಿನಲ್ಲಿ ಬಂತು. ಟ್ಯೂಬ್‌ಲೈಟ್ ಬಂತು, ಫ್ಯಾನ್ ಬಂತು. ಪ್ರೊಜೆಕ್ಟರ್ ಮಾತ್ರ ಕೆಂಪು ಕಣ್ಣು ಮಿಟುಕಿಸುತ್ತಾ ಸುಮ್ಮನಿತ್ತು.

"ಎಲ್ಲ ಬಂತಲ್ಲ, ಇದಕ್ಕೇನು ಧಾಡಿ?" ಎಂದರು ವಿದ್ಯುತ್ತಿನವರು.

"ಏಳು ನಿಮಿಷ ಬೇಕು ಸಾರ್," ಎಂದೆ. "ಬಿಸಿ ದೀಪದೊಳಗೆ ಪಾದರಸದ ಒತ್ತಡ ಇಳಿದಿಲ್ಲ. ಅಷ್ಟು ಒತ್ತಡದಲ್ಲಿ ಕಿಡಿ ದಾಟೋಕಾಗಲ್ಲ. ತಣ್ಣಗಾಗಲಿ."

"ಅದೇನು ರೀ ಸರಿಯಾಗಿ ಏಳು? ಚಹಾ ಕುಡಿಯೋಕೆ ನೆಪಾನಾ?"

ಯಂತ್ರದವರು ನನ್ನ ಕಡೆ ತಿರುಗಿ, "ಅವರಿಗೆ ಹೇಳಿ, ದೋಷ ಫ್ಯಾನಿನದ್ದು" ಎಂದರು.

ವಿದ್ಯುತ್ತಿನವರೂ ನನ್ನ ಕಡೆ ತಿರುಗಿ, "ಅವರಿಗೆ ಹೇಳಿ, ದೋಷ ವೋಲ್ಟೇಜಿನದ್ದು" ಎಂದರು.

"ಫ್ಯಾನು ಅಂದೆ!"

"ವೋಲ್ಟೇಜು ಅಂತ ನಾನೂ ಅಂದೆ!"

ಎರಡನೆಯ ನಿಮಿಷದಲ್ಲಿ ನನ್ನ ಮಧ್ಯಸ್ಥಿಕೆ ತಪ್ಪಿತು. ಮೂರನೆಯ ನಿಮಿಷದಲ್ಲಿ ಇಬ್ಬರೂ ಎದ್ದು ಪ್ರೊಜೆಕ್ಟರಿನ ಎರಡು ಪಕ್ಕ ನಿಂತರು. ಐದನೆಯದರಲ್ಲಿ ಒಬ್ಬರು ಹಾಳೆಯ ಮೇಲೆ ಚಿತ್ರ ಬರೆದರು, ಇನ್ನೊಬ್ಬರು ಅದೇ ಪೆನ್ನು ಕಸಿದುಕೊಂಡು ತಿದ್ದಿದರು. ಸಭೆಯಲ್ಲಿದ್ದವರು ಕುರ್ಚಿ ಹತ್ತಿರ ಎಳೆದುಕೊಂಡು ನೋಡುತ್ತಿದ್ದಾರೆ. ಹದಿನೈದು ವರ್ಷದ ಮೇಲೆ ಮಾತು! ಏಳನೆಯ ನಿಮಿಷದಲ್ಲಿ ಯಾರೂ ಏನೂ ಮಾಡದೆ ದೀಪ ತಾನೇ ಹೊತ್ತಿಕೊಂಡು, ಪರದೆಯ ಮೇಲೆ ಅವರಿಬ್ಬರ ತಲೆಗಳ ನೆರಳು ಒಂದಕ್ಕೊಂದು ತಾಗಿಕೊಂಡಂತೆ ಬಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಹೊಡೆದರು.

ಆವತ್ತಿನಿಂದ ಅವರಿಬ್ಬರೂ ಒಟ್ಟಿಗೇ ಊಟ. ಶಾಖೆಯವರೆಲ್ಲ ಸೇರಿ ನನಗೆ ಪಳಂಪೊರಿ ತರಿಸಿ ಸಂತೋಷಪಟ್ಟರು, ಅದೇ, ನೇಂದ್ರ ಬಾಳೆಹಣ್ಣಿನ ಬಜ್ಜಿ. ಮುಖ್ಯಸ್ಥರಿಬ್ಬರೂ ಹದಿನೈದು ವರ್ಷದಲ್ಲಿ ಮೊದಲ ಸಲ ಒಂದೇ ಕಾಗದಕ್ಕೆ ಸಹಿ ಹಾಕಿದರು. ಅದೇನು ಕಾಗದ ಅಂತೀರಾ? ನನಗೆ ನನ್ನ ಕೆಲಸ ಏನೇನೂ ಗೊತ್ತಿಲ್ಲ ಎಂದು ತಿರುವನಂತಪುರಕ್ಕೆ ಬರೆದ ದೂರು.

೪. ನನ್ನದೇ ಅರ್ಜಿ

ದೂರಿನ ಹಿಂದೆಯೇ ನಾನೂ ಪಟ್ಟಂಗೆ ವಾಪಸು ಬಂದೆ. ಆಡಳಿತಾಧಿಕಾರಿಗಳು ಕರೆಸಿದರು. ಕಡತ ಈಗ ದಿಂಬಿನಷ್ಟು ದಪ್ಪ. ಅವರು ಕೆಟ್ಟವರಲ್ಲ, ಅದನ್ನು ಹೇಳಿಬಿಡಬೇಕು. ಶಿಸ್ತಿನ ಮನುಷ್ಯ. ಪೆನ್ಸಿಲುಗಳನ್ನು ಉದ್ದದ ಪ್ರಕಾರ ಜೋಡಿಸುವವರು. ಉಪಯೋಗವಿಲ್ಲದ ವಸ್ತು ಕಂಡರೆ ಅವರಿಗೆ ನಿದ್ದೆ ಬರದು, ಆ ಪಟ್ಟಿಯಲ್ಲಿ ನಾನೂ ಇದ್ದೆ ಅಷ್ಟೆ.

"ಮುಂದಿನ ತಿಂಗಳು ಕೇಂದ್ರ ಕಚೇರಿಯಿಂದ ಸಮಿತಿ ಬರ್ತಾ ಇದೆ. ನಿಮ್ಮ ಹುದ್ದೆ ಬೇಕೋ ಬೇಡವೋ ಅವತ್ತೇ ತೀರ್ಮಾನ. ನಿಮಗೆ ಬೇಸರ ಆಗಬಾರದು. ಯಾಕೆಂದರೆ, ಇದು ನಿಮ್ಮದೇ ಕೋರಿಕೆ," ಎಂದರು.

"ನನ್ನ ಕೋರಿಕೆಯಾ?"

ಅವರು ಕಡತದ ತಳದಿಂದ ಒಂದು ಹಳದಿ ಹಾಳೆ ಎಳೆದರು. ನನ್ನದೇ ಕೈಬರಹ! ಕೆಲಸಕ್ಕೆ ಸೇರಿದ ಎರಡನೇ ತಿಂಗಳು ಬರೆದದ್ದು. 'ಈ ಊರಿನ ಭಾಷೆ ನನಗೆ ಅರ್ಥವಾಗುವುದಿಲ್ಲ, ಕುಚ್ಚಲಕ್ಕಿ ಅನ್ನ ಜೀರ್ಣವಾಗುವುದಿಲ್ಲ, ಎಲ್ಲದಕ್ಕೂ ತೆಂಗಿನೆಣ್ಣೆ ಹಾಕುತ್ತಾರೆ. ದಯವಿಟ್ಟು ಭಾರತದಲ್ಲಿ ಬೇರೆ ಎಲ್ಲಿಗಾದರೂ ವರ್ಗ ಮಾಡಿ ಉದ್ಧರಿಸಬೇಕು.' ಅದರ ಮೇಲೆ ಅಂದಿನ ಯಾರೋ ಅಧಿಕಾರಿ 'ಪರಿಶೀಲಿಸಲಾಗುವುದು' ಎಂದು ಬರೆದಿದ್ದರು. ಹದಿನೆಂಟು ವರ್ಷ ಪರಿಶೀಲನೆ ನಡೆದಿತ್ತು!

"ಇಷ್ಟು ತಡವಾದದ್ದಕ್ಕೆ ಕಚೇರಿಯ ಪರವಾಗಿ ವಿಷಾದಿಸ್ತೀನಿ," ಎಂದರು ಆಡಳಿತಾಧಿಕಾರಿಗಳು, ಪ್ರಾಮಾಣಿಕವಾಗಿ.

ಮನೆಗೆ ಬಂದು ವಿಷಯ ಹೇಳಿದೆ. ಆ ಅರ್ಜಿ ಬರೆದ ಕಾಲದಲ್ಲಿ ದಿನಾ 'ಮೈಸೂರು, ಮೈಸೂರು' ಎಂದು ಕಣ್ಣೀರು ಹಾಕುತ್ತಿದ್ದ ನನ್ನ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. ಈಗ ಅವಳು ನಮ್ಮ ವಸತಿ ಸಂಘದ ಕಾರ್ಯದರ್ಶಿ. ಮಲಯಾಳದಲ್ಲಿ ಜಗಳ ಆಡಿದರೆ ಪಟ್ಟಂನ ಆಟೋದವರೇ ಸೋತು ಬಾಡಿಗೆ ಇಳಿಸುತ್ತಾರೆ. "ಯಾರು ಬರೆಯೋಕೆ ಹೇಳಿದ್ದು ನಿಮಗೆ? ತೆಂಗಿನೆಣ್ಣೆ ಏನು ಮಾಡಿತ್ತು ನಿಮಗೆ? ನಾನು ಹೋದರೆ ಬಿ ಬ್ಲಾಕಿನ ಚರಂಡಿ ಯಾರು ನೋಡ್ತಾರೆ?"

ಮಗಳು ಹನ್ನೆರಡನೇ ತರಗತಿ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. "ಅಚ್ಚಾ, ಞಾನ್ ಎಂಗೋಟ್ಟುಂ ಪೋಕಿಲ್ಲ" ಎಂದಳು. ಅಪ್ಪಾ, ನಾನೆಲ್ಲಿಗೂ ಹೋಗೊಲ್ಲ ಅಂತ. ಎಂದವಳ ಕಣ್ಣು ತುಂಬಿತ್ತು. ಪರೀಕ್ಷೆಗೆ ನಾಲ್ಕೇ ತಿಂಗಳು. ನನಗೂ ಊಟ ಸೇರಲಿಲ್ಲ. ಸೇರದ ಊಟ ಯಾವುದು ಗೊತ್ತೇ? ಕುಚ್ಚಲಕ್ಕಿ ಅನ್ನ, ತೆಂಗಿನೆಣ್ಣೆ ಹಾಕಿದ ಅವಿಯಲ್. ಅವೆರಡೂ ಇಲ್ಲದ ಊರಿನಲ್ಲಿ ಬದುಕುವುದು ಹೇಗೆ ಎಂದು ಯೋಚಿಸುತ್ತಾ ಎರಡು ಸಲ ಬಡಿಸಿಕೊಂಡೆ.

೫. ಸಮಿತಿ ಬಂತು

ಸಮಿತಿಯಲ್ಲಿ ಇಬ್ಬರು. ಅಧ್ಯಕ್ಷರು ಬೆಳ್ಳಿ ಕೂದಲಿನ ಹೆಂಗಸು, ಮಾತು ಕಡಿಮೆ. ಇನ್ನೊಬ್ಬರು ಬರೆದುಕೊಳ್ಳುವವರು. ನನ್ನ ಹುದ್ದೆ ಯಾಕೆ ಬೇಡ ಎಂದು ಆಡಳಿತಾಧಿಕಾರಿಗಳು ಹನ್ನೆರಡು ಸ್ಲೈಡ್ ಮಾಡಿದ್ದರು. ಅದನ್ನು ತೋರಿಸಬೇಕಾದದ್ದು ನನ್ನ ಪ್ರೊಜೆಕ್ಟರಿನಲ್ಲಿ, ನಾನೇ!

ಈಗ ನನ್ನ ಸಂಕಟ ಕೇಳಿ. ಯಂತ್ರ ಚೆನ್ನಾಗಿ ನಡೆದರೆ, 'ನೋಡಿ, ತಾನಾಗಿಯೇ ನಡೆಯುತ್ತೆ, ಈ ಮನುಷ್ಯ ಯಾಕೆ?' ಎನ್ನುತ್ತಾರೆ. ಕೆಟ್ಟರೆ, 'ನೋಡಿ, ಇವನಿದ್ದೂ ಕೆಟ್ಟಿತು, ಈ ಮನುಷ್ಯ ಯಾಕೆ?' ಎನ್ನುತ್ತಾರೆ. ಬೆಳಿಗ್ಗೆ ಚೇಚಿ ಹತ್ತಿರ ಬಂದು ಪಿಸುಗುಟ್ಟಿದಳು: "ಸಾರೇ, ಹಿಂದಿನ ವಯರು ನಾನು ಕಾಲಲ್ಲಿ ಎಡವಿದ ಹಾಗೆ ಮಾಡಲಾ? ಪಾಪ ನನ್ನ ತಲೆ ಮೇಲಿರಲಿ."

ಒಂದು ಗಳಿಗೆ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಇಷ್ಟು ವರ್ಷ ಆ ದೀಪ ನನಗೆ ಅನ್ನ ಹಾಕಿದೆ. "ಬೇಡ ಚೇಚಿ. ಹೋಗುವುದಾದರೆ ಬೆಳಕಿನಲ್ಲೇ ಹೋಗೋಣ" ಎಂದೆ. ಸಿನಿಮಾ ಡೈಲಾಗಿನ ಹಾಗೆ ಬಂತು, ನನಗೇ ಇಷ್ಟವಾಯಿತು. ಗಾಳಿ ಸೋಸುವ ಫಿಲ್ಟರಿನ ಧೂಳು ತೆಗೆದೆ, ಮಸೂರ ಒರೆಸಿದೆ, ಇದ್ದುದರಲ್ಲಿ ಒಳ್ಳೆಯ ದೀಪ ಹಾಕಿದೆ. ನನ್ನ ವಿರುದ್ಧದ ಸ್ಲೈಡುಗಳು ಎಷ್ಟು ಚೆನ್ನಾಗಿ ಬಂದವೆಂದರೆ, 'ಈ ಹುದ್ದೆಗೆ ಕೆಲಸವೇ ಇಲ್ಲ' ಎಂಬ ಸಾಲಿನ ಅಕ್ಷರಗಳನ್ನು ಕೊನೆಯ ಕುರ್ಚಿಯಿಂದಲೂ ಓದಬಹುದಿತ್ತು.

ಅಧ್ಯಕ್ಷರು ನನ್ನನ್ನು ಕೇಳಿದರು: "ನೀವು ನಿಜವಾಗಿ ಮಾಡುವ ಕೆಲಸ ಏನು?"

"ಮೇಡಂ, ಯಾರೂ ಇದನ್ನ ಮುಟ್ಟದ ಹಾಗೆ ನೋಡಿಕೊಳ್ಳೋದು."

ಬರೆದುಕೊಳ್ಳುವವರು ಕಿಸಕ್ಕೆಂದರು. ಆಡಳಿತಾಧಿಕಾರಿಗಳು ಈ ಅವಕಾಶಕ್ಕೇ ಕಾದಿದ್ದವರಂತೆ ಎದ್ದರು. "ಅಂದರೆ ಅವರು ಸುಮ್ಮನೆ ಕೂರ್ತಾರೆ ಅಂತ ಅವರೇ ಒಪ್ಪಿದ ಹಾಗಾಯಿತು. ದಯವಿಟ್ಟು ಅವರು ಹೊರಗೆ ಹೋಗಲಿ. ಉಳಿದದ್ದನ್ನು ನಾನೇ ನಡೆಸಿ ತೋರಿಸ್ತೀನಿ."

ನಾನು ಹೊರಗೆ ಬಂದೆ. ವರಾಂಡದಲ್ಲಿ ಚೇಚಿ ಚಹಾ ಹಿಡಿದು ನಿಂತಿದ್ದಳು, ಕಣ್ಣೆಲ್ಲ ಕೆಂಪು. ಇಬ್ಬರೂ ಕಿಟಕಿಯ ಸಂದಿಯಿಂದ ನೋಡಿದೆವು. ಹನ್ನೊಂದನೆಯ ಸ್ಲೈಡಿನವರೆಗೂ ಸುಸೂತ್ರವಾಗಿ ಹೋಯಿತು. ಹನ್ನೆರಡನೆಯದು, ನಾನು ಹೋದ ಮೇಲೆ ನನ್ನ ಕೆಲಸ ಯಾರ್ಯಾರು ಮಾಡಬೇಕು ಎಂಬ ಪಟ್ಟಿ. ಅದನ್ನು ಒಂದು ಕ್ಷಣ ತೋರಿಸಿ, ಅವರು, "ಆರಿಸುವುದೂ ಇಷ್ಟೇ ಸುಲಭ. ಇದಕ್ಕೆ ಬಿ.ಎಸ್ಸಿ. ಬೇಕಾ?" ಎನ್ನುತ್ತಾ ಗೋಡೆಯ ಸ್ವಿಚ್ಚನ್ನೇ ಟಪ್ಪನೆ ಆರಿಸಿದರು.

"ಅಯ್ಯೋ!" ಎಂದೆ ನಾನು. ಫ್ಯಾನು ಓಡಿ ದೀಪ ತಣಿಯುವ ಮೊದಲೇ ಬುಡದಿಂದ ಕರೆಂಟು ತೆಗೆದರೆ ಅದರ ಗತಿ ಏನು!

ಒಳಗೆ ಅಧ್ಯಕ್ಷರು ಹೇಳಿದರು: "ಆ ಕೊನೆಯ ಪಟ್ಟಿ ಇನ್ನೊಮ್ಮೆ ತೋರಿಸಿ. ಅದನ್ನು ನೋಡಿಯೇ ತೀರ್ಮಾನಿಸಬೇಕು."

"ಖಂಡಿತ," ಎಂದು ಆಡಳಿತಾಧಿಕಾರಿಗಳು ಗೋಡೆಯ ಸ್ವಿಚ್ಚು ಹಾಕಿ ಗುಂಡಿ ಒತ್ತಿದರು. ಕೆಂಪು ದೀಪ ಮಿಟುಕಿತು. ಇನ್ನೊಮ್ಮೆ ಒತ್ತಿದರು. ಪ್ರತಿ ಸಲ ಒತ್ತಿದಾಗಲೂ ಅದು ಹೊತ್ತಲು ನೋಡಿ, ಸೋತು, ತಣಿಯುವ ಲೆಕ್ಕವನ್ನು ಮೊದಲಿನಿಂದ ಶುರು ಮಾಡುತ್ತದೆ. ಅವರು ಒತ್ತುತ್ತಲೇ ಇದ್ದರು. ಮೇಲೆ ತಟ್ಟಿದರು. ಪಕ್ಕಕ್ಕೆ ತಟ್ಟಿದರು. ಚೇಚಿ ಬೆರಳು ಮಡಿಚಿ ಎಣಿಸಿ, "ಹನ್ನೊಂದು ಸಲ ಆಯ್ತು ಸಾರೇ" ಎಂದಳು. ಅವಳ ಮುಖದ ಮೇಲೆ ಸೂರ್ಯೋದಯ.

ಅಧ್ಯಕ್ಷರು ವರಾಂಡಕ್ಕೆ ಬಂದು ನನ್ನನ್ನು ಕೇಳಿದರು: "ಇದು ಯಾವಾಗ ಹತ್ತುತ್ತೆ?"

"ಮುಟ್ಟದೆ ಬಿಟ್ಟರೆ ಏಳು ನಿಮಿಷ ಮೇಡಂ. ಮುಟ್ಟುತ್ತಾ ಇದ್ದರೆ ಹೇಳೋಕಾಗಲ್ಲ."

ಅವರು ಬಾಗಿಲ ಕಡೆ ನೋಡಿದರು. ಒಳಗೆ ಆಡಳಿತಾಧಿಕಾರಿಗಳು ಜೇಬಿನಿಂದ ನಾಣ್ಯ ತೆಗೆದು ದೀಪದ ಮುಚ್ಚಳದ ತಿರುಪು ಬಿಚ್ಚುತ್ತಿದ್ದರು. "ಸಾರ್, ಬೇಡ!" ಎಂದು ನಾನು ಓಡಿದೆ. ನಾನು ತಲುಪುವ ಮೊದಲೇ ಅವರ ಬಲಗೈ ಹೆಬ್ಬೆರಳೂ ತೋರುಬೆರಳೂ ಒಳಗೆ ಹೋಗಿದ್ದವು. ಅವರು ಕೂಗಿದ ಕೂಗು ಕೇಳಿ ಮೇಲಿನ ಮಹಡಿಯ ತರಗತಿಯವರು ಹೊರಗೆ ಓಡಿಬಂದರು. ನಾನು ಅವರ ಕೈಯನ್ನು ನಲ್ಲಿಯ ತಣ್ಣೀರಿಗೆ ಹಿಡಿದೆ. ಚೇಚಿ ಮುಲಾಮು ತಂದಳು, ಬಟ್ಟೆ ಸುತ್ತಿದಳು. ಸುಟ್ಟದ್ದು ಹೆಚ್ಚೇನಲ್ಲ. ಚೇಚಿ ಸುತ್ತಿದ ಬಟ್ಟೆ ಮಾತ್ರ ಮೊಳಕೈ ತನಕ ಇತ್ತು.

ಸಮಿತಿಗೆ ವಿಮಾನದ ಹೊತ್ತಾಗಿತ್ತು. ಅಧ್ಯಕ್ಷರು ನಿಂತಲ್ಲೇ ನಡಾವಳಿ ಹೇಳಿ ಬರೆಸಿದರು, ಎರಡೇ ಸಾಲು: 'ಹುದ್ದೆಯನ್ನು ಮುಂದುವರಿಸತಕ್ಕದ್ದು. ಕರ್ತವ್ಯ: ಅಧಿಕಾರಿಗಳನ್ನು ಯಂತ್ರದಿಂದ ದೂರವಿಡುವುದು.' ನಮ್ಮ ಸಂಸ್ಥೆಯ ಪರವಾಗಿ ಅದಕ್ಕೆ ಸಹಿ ಹಾಕಬೇಕಾದವರು ಆಡಳಿತಾಧಿಕಾರಿಗಳೇ. ಬಲಗೈ ಬಟ್ಟೆಯಲ್ಲಿ ಮುಳುಗಿದ್ದರಿಂದ ಎಡಗೈಯಲ್ಲಿ ಹಾಕಿದರು. ಮನೆಗೆ ಫೋನ್ ಮಾಡಿ ಹೇಳಿದೆ. ಮಗಳು ಫೋನಿನಲ್ಲಿ ಕಿರುಚಿದ್ದು ಯಾವ ಭಾಷೆಯೋ ನನಗೆ ಗೊತ್ತಾಗಲಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹದಿನೈದು ದಿನಕ್ಕೆ ಕೇಂದ್ರ ಕಚೇರಿಯಿಂದ ಕಾಗದ ಮರಳಿ ಬಂತು: ನಡಾವಳಿಯ ಮೇಲಿನ ಸಹಿ ಆಡಳಿತಾಧಿಕಾರಿಗಳ ಸಹಿಗೆ ಹೊಂದುತ್ತಿಲ್ಲ, ಕಾರಣವನ್ನು ಅವರೇ ಲಿಖಿತವಾಗಿ ವಿವರಿಸಬೇಕು. ವಿವರಿಸದಿದ್ದರೆ ನಡಾವಳಿ ಅಸಿಂಧು.

ಅವರು ಸುಮ್ಮನಿದ್ದುಬಿಟ್ಟರೆ ಸಾಕಿತ್ತು, ನಾನು ಉಗ್ರಾಣಕ್ಕೆ! ಆದರೆ ಆಗಲೇ ಹೇಳಿದೆನಲ್ಲ, ಶಿಸ್ತಿನ ಮನುಷ್ಯ. ಕೇಂದ್ರ ಕಚೇರಿ ಪ್ರಶ್ನೆ ಕೇಳಿದ ಮೇಲೆ ಉತ್ತರ ಕೊಡದಿರುವುದು ಅವರ ಜಾಯಮಾನದಲ್ಲೇ ಇಲ್ಲ. ವಾಸಿಯಾದ ಬಲಗೈಯಲ್ಲಿ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದು, ನಿಯಮದ ಪ್ರಕಾರ ನನಗೂ ಒಂದು ನಕಲು ಕೊಟ್ಟರು. ಅದನ್ನು ನಮ್ಮ ಮನೆಯ ಹಜಾರದಲ್ಲಿ, ಮದುವೆ ಫೋಟೋಕ್ಕಿಂತ ಸ್ವಲ್ಪ ಮೇಲೆ, ಕಟ್ಟು ಹಾಕಿಸಿ ತೂಗುಹಾಕಿದ್ದೇನೆ:

'ಪ್ರೊಜೆಕ್ಷನ್ ಸಹಾಯಕರ ಅಗತ್ಯವಿಲ್ಲವೆಂದು ಸಮಿತಿಗೆ ಸಾಬೀತುಪಡಿಸುತ್ತಿದ್ದ ಸಂದರ್ಭದಲ್ಲಿ, ಸದರಿ ಸಹಾಯಕರು ಸ್ಥಳದಲ್ಲಿಲ್ಲದ ಕಾರಣ, ನನ್ನ ಬೆರಳುಗಳು ಸುಟ್ಟಿರುತ್ತವೆ.'